ಗಂಟೆಗಿತ್ತಿಯ ಪುಟದ ತೇಪೆ

ಸತ್ತವರ ಕೈಬರಹ ಓದುವುದರಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೆ ತೊಟ್ಟಿಲಲ್ಲಿರಬೇಕು; ಬೆಳೆಯಲಿ, ಆಮೇಲೆ ನೋಡೋಣ. ಇನ್ನೂರು ವರ್ಷದ ಹಿಂದಿನ ಗುಮಾಸ್ತನೊಬ್ಬ ಆ ದಿನ ಹೆಂಡತಿಯ ಜೊತೆ ಜಗಳ ಕಾದು ಕಚೇರಿಗೆ ಬಂದಿದ್ದನೇ ಇಲ್ಲವೇ ಎಂದು ಅವನ ಅಕ್ಷರದ ಬಾಲ ನೋಡಿ ಹೇಳಬಲ್ಲೆ. ಒಮ್ಮೆ ಒಂದು ಅರ್ಜಿ ಓದಿ, ಬರೆದವನಿಗೆ ಬಲಗಡೆಯ ದವಡೆ ಹಲ್ಲು ನೋಯುತ್ತಿತ್ತು ಎಂದೆ. ಎರಡು ವರ್ಷದ ನಂತರ ಬೇರೊಂದು ಕಟ್ಟಿನಲ್ಲಿ ಅವನದೇ ರಜೆಯ ಪತ್ರ ಸಿಕ್ಕಿತು: ಹಲ್ಲು ಕೀಳಿಸಬೇಕು, ಎರಡು ದಿನ ರಜೆ ಬೇಕು. ಪತ್ರದಲ್ಲಿ ಎಡಗಡೆಯ ಹಲ್ಲು ಎಂದಿತ್ತು. ಅವನು ತಪ್ಪಾಗಿ ಬರೆದಿದ್ದ, ಅಷ್ಟೇ.

ಇಂಥ ನಾನು ನಮ್ಮೂರಿನ ದಾಖಲೆ ಕಚೇರಿಯ ಓದುವ ಕೋಣೆಯಲ್ಲಿ ಮೂವತ್ತು ವರ್ಷ ಕೂತೆ. ಬೆಳಿಗ್ಗೆ ಕಾಲೇಜಿನಲ್ಲಿ ಇತಿಹಾಸದ ಪಾಠ ಮುಗಿಸಿ ಹನ್ನೆರಡಕ್ಕೆ ಬಂದರೆ, ಐದೂವರೆಗೆ ಕಾವಲಿನವನು ಕಿಟಕಿ ಮುಚ್ಚುವವರೆಗೂ ಏಳನೇ ಮೇಜು ನನ್ನದು. ಆ ಮೇಜಿನ ಮೇಲೆ ನನ್ನ ಮೊಣಕೈ ತೋಡಿದ ಗುಂಡಿಯೊಂದಿದೆ. ಪೆನ್ಸಿಲ್ ಎಲ್ಲಿ ಬಿಟ್ಟರೂ ಉರುಳಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಆ ಗುಂಡಿಯಿಂದ ಎದ್ದು ಬಂದವಳು ಗಂಟೆಗಿತ್ತಿ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ, ಗೊತ್ತಿಲ್ಲದವರು ಅಂತ ಯಾರಾದರೂ ಇದ್ದರೆ. ನೂರ ಎಪ್ಪತ್ತು ವರ್ಷದ ಹಿಂದೆ ಒಂದು ದಿನ ಹಗಲು ಹನ್ನೊಂದು ಗಂಟೆಗೆ ಊರಿನ ಹತ್ತಿ ಗೋದಾಮಿಗೆ ಬೆಂಕಿ ಬಿತ್ತು. ಆಗ ಊರ ನಡುವೆ ಬೆಂಕಿ ಕಾಯುವ ಗೋಪುರವಿತ್ತು. ತುದಿಯಲ್ಲಿ ದೊಡ್ಡ ಗಂಟೆ, ಅದಕ್ಕೊಬ್ಬ ಕಾವಲುಗಾರ, ಕೆಳಗಿನ ಕೋಣೆಯಲ್ಲೊಂದು ದಿನಚರಿ ಪುಸ್ತಕ. ಅರ್ಧ ಊರು ಸುಟ್ಟಿತು, ಅರ್ಧ ಊರು ಉಳಿಯಿತು. ಉಳಿದದ್ದು ಯಾಕೆ ಎಂದು ಯಾರಿಗೂ ಗೊತ್ತಿರಲಿಲ್ಲ. ನಾನು ಕಂಡುಹಿಡಿದೆ. ಕಾವಲುಗಾರ ಬೆಂಕಿ ಕಂಡ ಕೂಡಲೇ ಕಾಲಿಗೆ ಬುದ್ಧಿ ಹೇಳಿದ್ದ. ಅವನ ಹೆಂಡತಿ ನೂರ ಹದಿನಾಲ್ಕು ಮೆಟ್ಟಿಲು ಹತ್ತಿ, ಅಂಗೈಯ ಚರ್ಮ ಸುಲಿಯುವವರೆಗೆ ಗಂಟೆ ಬಾರಿಸಿ ಅರ್ಧ ಊರನ್ನು ಎಚ್ಚರಿಸಿದಳು. ದಿನಚರಿಯಲ್ಲಿ ಅವಳಿದ್ದದ್ದು ಮೂರೇ ಸಾಲು. ಮೂರು ಸಾಲಿನಿಂದ ನಾನು ನಾನೂರ ಮೂವತ್ತು ಪುಟ ಬರೆದೆ. ಅದಕ್ಕೆ ಎದೆ ಬೇಕು ಸ್ವಾಮಿ.

ಆಮೇಲೆ ಅವಳು ನನ್ನ ಕೈಯಲ್ಲಿ ನಿಲ್ಲಲಿಲ್ಲ. ಅಗ್ನಿಶಾಮಕ ಠಾಣೆಯ ಮುಂದೆ ಕಂಚಿನ ಪ್ರತಿಮೆಯಾದಳು. ಮಕ್ಕಳ ಪಾಠಪುಸ್ತಕಕ್ಕೆ ಹೋದಳು. ಬೆಂಕಿ ಆರಿಸುವ ಕೆಲಸಕ್ಕೆ ಹೆಣ್ಣುಮಕ್ಕಳು ಅರ್ಜಿ ಹಾಕತೊಡಗಿದರು. ಅವರಲ್ಲೊಬ್ಬಳು ಸಮವಸ್ತ್ರದಲ್ಲೇ ಏಳನೇ ಮೇಜಿಗೆ ಬಂದು ನನ್ನ ಕೈ ಕುಲುಕಿದಳು. ಮೂರು ದಿನ ಆ ಕೈ ತೊಳೆಯಲಿಲ್ಲ. ಪುಸ್ತಕದ ಹನ್ನೊಂದನೇ ಮುದ್ರಣ ಅಚ್ಚಿಗೆ ಸಿದ್ಧವಾಗಿತ್ತು. ನನ್ನ ಹೆಂಡತಿ ಮಾತ್ರ, "ಆ ಪುಣ್ಯಾತ್ಗಿತ್ತಿ ಜೊತೆ ನೀವು ಕಳೆದಷ್ಟು ಹೊತ್ತು ನನ್ನ ಜೊತೆ ಕಳೀಲಿಲ್ಲ" ಎನ್ನುತ್ತಿದ್ದಳು. ಸುಳ್ಳಲ್ಲ.

ಇನ್ನು ಅಂಟಣ್ಣ. ದಾಖಲೆ ಕಚೇರಿಯ ಹಿಂಭಾಗದಲ್ಲಿ ಹರಿದ ಪುಸ್ತಕಗಳನ್ನು ಸರಿಮಾಡುವ ಕೋಣೆಯ ಒಡೆಯ. ಅವನ ಬೆರಳ ತುದಿಯಲ್ಲಿ ಸದಾ ಅಂಟು ಒಣಗಿ ಪೊರೆ ಬಿಡುತ್ತಿತ್ತು, ಅದಕ್ಕೇ ಆ ಹೆಸರು. ಕಚೇರಿಯ ನಿಯಮ ಹೀಗೆ: ಹರಿದ ಕಟ್ಟು ಓದುಗರ ಕೈಗೆ ಬರುವಂತಿಲ್ಲ. ಮೊದಲು ಅಂಟಣ್ಣನ ಮೇಜು, ಆಮೇಲೆ ನಮ್ಮ ಮೇಜು. ಹುಳು ತಿಂದ ತೂತಿಗೆ, ಸುಟ್ಟ ಅಂಚಿಗೆ ಅವನು ತೆಳುಕಾಗದದ ತೇಪೆ ಹಾಕುತ್ತಿದ್ದ. ಆ ತೇಪೆ ಎಷ್ಟು ನಯವೆಂದರೆ, ಹುಳುವೇ ವಾಪಸು ಬಂದರೂ ತಾನು ಊಟ ಮಾಡಿದ ಜಾಗ ಗುರುತು ಹಿಡಿಯಲಾರದು.

ದಿನಾ ಮೂರೂವರೆಗೆ ಅವನ ಕೋಣೆಯಲ್ಲಿ ನಮ್ಮಿಬ್ಬರ ಚಹಾ. ಇಪ್ಪತ್ತಾರು ವರ್ಷ ಒಂದು ದಿನವೂ ತಪ್ಪಿಲ್ಲ. ಒಮ್ಮೆ ಜ್ವರ ನೂರ ನಾಲ್ಕಿದ್ದಾಗಲೂ ಹೋಗಿದ್ದೆ, ಲೋಟ ಹಿಡಿದರೆ ಚಹಾ ಇನ್ನಷ್ಟು ಬಿಸಿಯಾಯಿತು. ನಾನು ಮಾತಾಡುವವನು, ಅವನು ಕೇಳುವವನು.

"ಏನ್ ಪಂಡಿತಾ, ಇವತ್ತು ಯಾರನ್ನ ಸಮಾಧಿಯಿಂದ ಎಬ್ಬಿಸ್ದೆ?" ಎಂದು ಶುರು ಮಾಡಿದರೆ ಮುಗಿಯಿತು, ನಾಲ್ಕೂವರೆಯವರೆಗೂ ನನ್ನದೇ ದರ್ಬಾರು. ಅವನು ಲೋಟದ ಅರ್ಧ ಕುಡಿದು ಉಳಿದರ್ಧವನ್ನು ಒಂದು ಬಟ್ಟಲಿಗೆ ಸುರಿದಿಡುತ್ತಿದ್ದ. "ಆರಲಿ, ಆಮೇಲೆ ಬೇಕಾಗುತ್ತೆ" ಎನ್ನುತ್ತಿದ್ದ. ಬಿಸಿ ತಡೆಯದ ನಾಲಿಗೆ, ಪಾಪ, ಎಂದುಕೊಂಡಿದ್ದೆ. ಹೆಂಡತಿಗೆ ಹೇಳದ್ದನ್ನೂ ಅವನಿಗೆ ಹೇಳಿದ್ದೇನೆ. ಈ ಭೂಮಿಯ ಮೇಲೆ ನನ್ನ ಮಾತನ್ನು ಪೂರ್ತಿ ಕೇಳಿದ ಮನುಷ್ಯ ಅವನೊಬ್ಬನೇ.

ಹೀಗಿರುವಾಗ ನನ್ನ ಅಕ್ಕನ ಮಗಳು ಆರು ಕ್ಯಾಮೆರಾ, ನಾಲ್ಕು ಕಂಪ್ಯೂಟರು ಕಟ್ಟಿಕೊಂಡು ದಾಖಲೆ ಕಚೇರಿಗೆ ಬಂದಳು. ಕಚೇರಿಯ ಪ್ರತಿ ಪುಟದ ಚಿತ್ರ ತೆಗೆಯುವುದು, ಕೈಬರಹ ಓದಲು ಯಂತ್ರಕ್ಕೆ ಕಲಿಸುವುದು, ಆಮೇಲೆ ಯಾರು ಏನು ಕೇಳಿದರೂ ಕ್ಷಣದಲ್ಲಿ ಹುಡುಕಿ ಕೊಡುವುದು, ಇದು ಅವಳ ಕೆಲಸ. ನಾನು ನಕ್ಕೆ. "ಯಂತ್ರ ಓದುತ್ತೆ ಸರಿ ಕಣಮ್ಮ, ಬರೆದವನ ಹಲ್ಲುನೋವು ಹೇಳುತ್ತಾ?" ಎಂದೆ.

"ಅದು ನಿಮಗೇ ಇರಲಿ ಮಾವ. ನಮಗೆ ನಿಮ್ಮ ನಕಲು ಪುಸ್ತಕಗಳು ಬೇಕು. ಮೂಲ ಪುಟ ಒಂದು ಕಡೆ, ನೀವು ಓದಿ ಬರೆದದ್ದು ಇನ್ನೊಂದು ಕಡೆ. ಎರಡನ್ನೂ ಇಟ್ಟು ತೋರಿಸಿದ್ರೆ ಅದು ಕಲಿಯೋದು."

ಕೊಟ್ಟೆ. ಮರುದಿನದಿಂದ ಊರಿಗೆಲ್ಲ ಯಂತ್ರ ನನ್ನ ಶಿಷ್ಯ ಎಂದು ಸಾರಿದೆ. ಶಿಷ್ಯ ಹದಿನಾಲ್ಕು ತಿಂಗಳಲ್ಲಿ ಒಂಬತ್ತು ಲಕ್ಷ ಪುಟ ಓದಿತು. ಮೂವತ್ತು ವರ್ಷದಲ್ಲಿ ನಾನು ಓದಿದ್ದು ನಲವತ್ತು ಸಾವಿರ. ಜನರಿಗೆ ಲಕ್ಷ ಎಂದು ಹೇಳುತ್ತಿದ್ದೆ. ಅವಳ ಲೆಕ್ಕ ನಿಜವಾದದ್ದು, ನನಗೆ ಚುಚ್ಚಿದ್ದು ಅದೇ.

ಒಂದು ಮಂಗಳವಾರ ಬೆಳಿಗ್ಗೆ ಕರೆದಳು. ಅವಳ ಕೋಣೆಯಲ್ಲಿ ಕಿಟಕಿಗೆಲ್ಲ ಕಪ್ಪು ಬಟ್ಟೆ, ಫ್ಯಾನಿನ ಸದ್ದು, ಗೋಡೆಯಗಲದ ಪರದೆ.

"ಕೂತ್ಕೊಳ್ಳಿ ಮಾವ. ನೀರು ಕೊಡ್ಲಾ?"

"ಯಾಕೆ, ಯಾರಾದ್ರೂ ಸತ್ರಾ?"

"ಸತ್ತಿಲ್ಲ. ಇರ್ಲೇ ಇಲ್ಲ ಅನ್ಸುತ್ತೆ."

ಅವಳು ನಿಧಾನವಾಗಿ ಹೇಳುತ್ತ ಹೋದಳು. ಯಂತ್ರ ಒಂಬತ್ತು ಲಕ್ಷ ಪುಟಗಳನ್ನು ಓದಿದ್ದಷ್ಟೇ ಅಲ್ಲ, ಯಾವ ಯಾವ ಪುಟ ಒಂದೇ ಕೈಯದು ಎಂದು ಗುಂಪು ಮಾಡಿತ್ತು. ಸಾವಿರದ ಮುನ್ನೂರು ಗುಮಾಸ್ತರು, ಸಾವಿರದ ಮುನ್ನೂರು ಗುಂಪು. ಅದರಲ್ಲೊಂದು ಗುಂಪು ವಿಚಿತ್ರ. ಅದರಲ್ಲಿ ಒಂದೂ ಇಡೀ ಪುಟವಿಲ್ಲ. ಇಲ್ಲಿ ಎರಡು ಪದ, ಅಲ್ಲಿ ನಾಲ್ಕು, ಇನ್ನೆಲ್ಲೋ ಅರ್ಧ ಸಾಲು. ಒಟ್ಟು ಇನ್ನೂರ ಹನ್ನೆರಡು ತುಣುಕು. ಅತಿ ಹಳೆಯ ಪುಸ್ತಕಕ್ಕೂ ಅತಿ ಹೊಸ ಪುಸ್ತಕಕ್ಕೂ ನೂರ ಅರವತ್ತು ವರ್ಷದ ಅಂತರ.

"ನೂರ ಅರವತ್ತು ವರ್ಷ ಒಂದೇ ಕಚೇರೀಲಿ ಕೆಲಸ ಮಾಡಿದ ಗುಮಾಸ್ತ ಯಾರು ಮಾವ?"

"ನಮ್ಮೂರ ಗಾಳಿ ಒಳ್ಳೇದು" ಎಂದೆ.

ಅವಳು ನಗಲಿಲ್ಲ. ಗುಂಡಿ ಒತ್ತಿದಳು. ಅದೇ ತುಣುಕುಗಳು ನೇರಳೆ ಬೆಳಕಿನಲ್ಲಿ ತೆಗೆದ ಚಿತ್ರಗಳಾದವು. ಹಳೆಯ ಕಾಗದ ಕಪ್ಪಗಿತ್ತು. ಅಕ್ಷರವಿದ್ದ ತುಂಡು ಮಾತ್ರ ಹಾಲಿನಂತೆ ಬೆಳಗುತ್ತಿತ್ತು. ಅಷ್ಟೂ ಪದಗಳು ತೇಪೆಯ ಮೇಲೆ ಬರೆದವು. ಮೂರು ತುಣುಕುಗಳನ್ನು ಅವಳು ದೊಡ್ಡದು ಮಾಡಿದಳು. ನಾನು ಓದಬೇಕಾಗಿರಲಿಲ್ಲ, ಕಣ್ಣು ಮುಚ್ಚಿದರೂ ಕಾಣುವ ಸಾಲುಗಳು. 'ಕಾವಲುಗಾರನ ಹೆಂಡತಿ ಮೇಲೆ ಹತ್ತಿ'. 'ಆಕೆಯ ಅಂಗೈ'. 'ಅವಳು ಬಾರಿಸಿದ್ದರಿಂದ'.

"ಗಾಬರಿಯಾಗ್ಬೇಡಿ. ಇನ್ನೊಂದಿದೆ" ಎಂದಳು. ಹನ್ನೊಂದು ಊರಿನ ದಾಖಲೆ ಕಚೇರಿಗಳು ಈಗ ಒಂದೇ ಜಾಲದಲ್ಲಿವೆಯಂತೆ, ನಲವತ್ತು ಲಕ್ಷ ಪುಟ. ಗೋಪುರದ ದಿನಚರಿಯನ್ನು ಬೆಂಕಿಯಾದ ತಿಂಗಳೇ ಯಾರೋ ನಕಲು ಮಾಡಿ ದೂರದ ಮೇಲಿನ ಕಚೇರಿಗೆ ಕಳಿಸಿದ್ದರು. ಹುಳು ತಿನ್ನುವುದಕ್ಕೆ ಮುಂಚಿನ ನಕಲು ಅದು. ಅವಳು ಮೂರು ಪದ ಬಡಿದಳು; ಒಂದು ಸೀನು ಬರುವಷ್ಟರಲ್ಲಿ ಪುಟ ಎದುರಿಗಿತ್ತು. ಆ ಗುಮಾಸ್ತನ ಅಕ್ಷರ ಮುತ್ತಿನಂತಿತ್ತು, ಹಾಳಾದವನು, ಒಂದು ಅಕ್ಷರಕ್ಕೂ ಎರಡನೇ ಅರ್ಥ ಹೇಳುವಂತಿರಲಿಲ್ಲ. 'ಆ ದಿನ ಗೋಪುರದಲ್ಲಿ ಯಾರೂ ಇರಲಿಲ್ಲ. ಗಂಟೆ ಬಾರಿಸಿಲ್ಲ. ಗಾಳಿ ತಿರುಗಿದ್ದರಿಂದ ಪಶ್ಚಿಮದ ಬೀದಿಗಳು ಉಳಿದವು.'

ಗಾಳಿ. ಇಪ್ಪತ್ತು ವರ್ಷದ ನನ್ನ ಬದುಕಿನ ಕಥಾನಾಯಕಿ ಗಾಳಿ.

"ಇದನ್ನ ಯಾರಿಗೆ ಹೇಳಿದ್ದೀ?"

"ನಿರ್ದೇಶಕಿ ಮೇಡಂಗೆ. ನಿನ್ನೆ."

"ನನಗಿಂತ ಮುಂಚೆ."

"ನಿಮಗೆ ಮೊದಲು ಹೇಳಿದ್ರೆ ನೀವು ಸಂಜೆಯೊಳಗೆ ಇದಕ್ಕೊಂದು ಕಥೆ ಕಟ್ಟಿಬಿಡ್ತಿದ್ರಿ ಮಾವ. ಅದನ್ನ ನಾನೂ ನಂಬಿಬಿಡ್ತಿದ್ದೆ."

ಎತ್ತಿ ಆಡಿಸಿದ ಕೂಸು ಹೀಗೆ ಅಂದಿತು. ಶುಕ್ರವಾರ ನಿರ್ದೇಶಕಿಯ ಕೋಣೆಯಲ್ಲಿ ವಿಚಾರಣೆ ಎಂದಳು. ಉಳಿದ ಇನ್ನೂರ ಒಂಬತ್ತು ತುಣುಕುಗಳಲ್ಲಿ ಇರುವುದು 'ಮತ್ತು', 'ಅದರಂತೆ' ಇಂಥವೇ, ಯಾರ ಕೆಲಸಕ್ಕೂ ಬಾರದವು. ಕೆಲಸಕ್ಕೆ ಬಂದದ್ದು ಮೂರೇ, ಅದೂ ಒಬ್ಬನಿಗೇ.

"ನಾನೇ ಬರ್ದೆ ಅಂತಾರಾ?"

ಅವಳು ಇಲ್ಲ ಎನ್ನಲಿಲ್ಲ. "ತೇಪೆಗೆ ಹಳೇ ಕಾಗದದ ಬಣ್ಣ ಬರಿಸಿದ್ದಾರೆ. ಏನಿರ್ಬಹುದು ಅಂತ ಪರೀಕ್ಷೆ ಮಾಡಿಸಿದ್ವಿ. ಚಹಾ" ಎಂದಳು.

ಆಗ ನಾನು ಮತ್ತೆ ಪರದೆ ನೋಡಿದೆ. ಒಂದೊಂದೇ ಪುಟದಲ್ಲಿ ನೋಡುವಾಗ ಆ ಪದಗಳು ಅಕ್ಕಪಕ್ಕದ ಅಕ್ಷರಗಳ ಮರೆಯಲ್ಲಿ ನಿಂತು ಅವುಗಳ ವೇಷ ಹಾಕಿಕೊಳ್ಳುತ್ತಿದ್ದವು. ಈಗ ಇನ್ನೂರ ಹನ್ನೆರಡೂ ಒಟ್ಟಿಗೆ ನಿಂತಿದ್ದವು, ಒಂದೇ ಮನೆತನದ ಮೂಗು ಹೊತ್ತು ಸಾಲಾಗಿ. ಪ್ರತಿ ಅಕ್ಷರವೂ ಕೆಳಗಿನಿಂದ ಹೊರಡುತ್ತಿತ್ತು. ಅಂಟಿನ ಕುಂಚ ಎತ್ತುವಾಗ ಮಣಿಕಟ್ಟು ಕೊಡುವ ಸಣ್ಣ ಎಗರು ಅದರಲ್ಲಿತ್ತು. ಆ ಎಗರನ್ನು ನಾನು ವಾರಕ್ಕೆರಡು ಸಲ ಕಾಣುತ್ತಿದ್ದೆ. ಸರಿಮಾಡಿದ ಕಟ್ಟಿನೊಳಗೆ ಅವನು ಇಡುತ್ತಿದ್ದ ಚೀಟಿಗಳಲ್ಲಿ: 'ಬೆನ್ನು ಹಸಿ ಇದೆ, ಪೂರ್ತಿ ಅಗಲಿಸಬೇಡ'.

"ಯಾರದು ಅಂತ ಏನಾದ್ರೂ ಗೊತ್ತಾಗುತ್ತಾ ಮಾವ?" ಎಂದಳು. "ಯಂತ್ರಕ್ಕೆ ಒಂದೇ ಕೈ ಅಂತ ಗೊತ್ತು. ಯಾರ ಕೈ ಅಂತ ಗೊತ್ತಿಲ್ಲ."

"ಇಲ್ಲ" ಎಂದೆ. ಜೀವನದಲ್ಲಿ ಮೊದಲ ಸಲ, ಗೊತ್ತಿದ್ದೂ ಗೊತ್ತಿಲ್ಲ ಎಂದೆ. ಅಲ್ಲಿಯವರೆಗೆ ಯಾವಾಗಲೂ ಅದರ ತಿರುಗುಮುರುಗು.

ನೇರ ಹಿಂಭಾಗಕ್ಕೆ ಹೋದೆ. ಅಂಟಣ್ಣ ಒಂದು ಪುಸ್ತಕದ ಬೆನ್ನಿಗೆ ಬಟ್ಟೆ ಎಳೆಯುತ್ತಿದ್ದ. ಬಾಗಿಲು ಹಾಕಿಕೊಂಡೆ.

"ಬಾಗಿಲು ತೆಗ್ಯೋ, ಗಾಳಿ ಬೇಕು. ಇದು ಒಣಗಲ್ಲ" ಎಂದ.

"ಗಾಳಿ ವಿಷಯ ನನ್ನ ಹತ್ರ ಎತ್ಬೇಡ. ಗೋಪುರದ ದಿನಚರಿ, ಮೂರು ತೇಪೆ. ಬರ್ದೋನು ಯಾರು?"

ಅವನು ಬಟ್ಟೆ ಬಿಡಲಿಲ್ಲ. ಅಂಚು ಮಡಿಸಿ, ಒತ್ತಿ, ಮೇಲೆ ಕಲ್ಲಿಟ್ಟು, ಕೈ ಒರೆಸಿಕೊಂಡ. ಈಗ ಅಳುತ್ತಾನೆ, ಈಗ ಕಾಲು ಹಿಡಿಯುತ್ತಾನೆ, ಹಿಡಿದರೆ ಎರಡು ಒದ್ದು ಆಮೇಲೆ ಎಬ್ಬಿಸೋಣ ಎಂದು ನಾನು ನಿಂತಿದ್ದೆ.

"ಕೊನೆಗೂ ಕಾಣಿಸ್ತಾ ನಿಂಗೆ" ಎಂದ.

"ಕಾಣಿಸಿದ್ದು ನಂಗಲ್ಲ. ಯಂತ್ರಕ್ಕೆ."

"ಅದೇ ಅಂದ್ಕೊಂಡೆ."

"ಯಾಕೋ ಬರ್ದೆ?"

"ತೂತು ಬಿಟ್ಟು ಪುಸ್ತಕ ಕಳ್ಸೋದು ನನ್ನ ಕೈಲಾಗಲ್ಲ. ಗೋಡೆ ಕಟ್ಟೋನು ನಡುವೆ ಒಂದು ಇಟ್ಟಿಗೆ ಬಿಟ್ಟು ಮನೆಗೆ ಹೋಗ್ತಾನಾ? ಹಿಂದೆ ಮುಂದೆ ನೋಡಿ, ಏನಿರ್ಬಹುದೋ ಅದನ್ನ ತುಂಬ್ತಿದ್ದೆ. ಒಂದು 'ಮತ್ತು', ಒಂದು 'ಆದ್ದರಿಂದ'. ಯಾರ ಗಂಟು ಹೋಯ್ತು?"

"'ಕಾವಲುಗಾರನ ಹೆಂಡತಿ' ಹಿಂದೆ ಮುಂದೆ ನೋಡಿದ್ರೆ ಸಿಗುತ್ತಾ?"

"ಅದು ನೀನು ಹೇಳಿದ್ದು."

"ನಾನಾ?"

"ಇನ್ಯಾರು? ಈ ಸ್ಟೂಲ್ ಮೇಲೇ ಕೂತು ಹೇಳ್ದೆ. ಅಲ್ಲೊಬ್ಳು ಹೆಂಗಸು ಇದ್ಲು ಕಣೋ, ಕಾವಲುಗಾರನ ಹೆಂಡ್ತಿ, ಗಂಟೆ ಹೊಡ್ದೋಳು ಅವಳೇ, ಬೇರೆ ಕಟ್ಟಲ್ಲಿ ಕಣ್ಣಾರೆ ಓದಿದ್ದೀನಿ ಅಂತ. ಮೆಟ್ಟಿಲು ಎಷ್ಟು ಅಂತ್ಲೂ ಹೇಳ್ದೆ. ಇಡೀ ಚಳಿಗಾಲ ಅವಳದೇ ಮಾತು. ಅಷ್ಟರಲ್ಲಿ ಆ ದಿನಚರಿ ನನ್ನ ಮೇಜಿಗೆ ಬಂತು, ಸರಿಯಾಗಿ ಆ ಪುಟದಲ್ಲೇ ಮೂರು ತೂತು. ಪಂಡಿತ ಓದಿದ್ದಾನಲ್ಲ, ಇದೇ ಇರ್ಬೇಕು ಅಂತ ತುಂಬ್ದೆ. ನೀನು ಹೇಳ್ದೆ, ನಾನು ಬರ್ದೆ."

ನಾನು ಓದಿದ್ದೆನೇ? ಓದಿದ್ದೆ. ಪಕ್ಕದ ಕಟ್ಟಿನಲ್ಲಿ ಒಂದು ಸಾಲು: 'ಗೋಪುರದ ಕಾವಲುಗಾರನ ಮನೆಗೆ ಎರಡು ಕಂಬಳಿ'. ಎರಡನೇ ಕಂಬಳಿ ಯಾರಿಗೆ ಎಂದು ಯೋಚಿಸಿದ್ದೆ. ಅಷ್ಟೇ. ಆ ಕಂಬಳಿಯ ಕೆಳಗಿಂದ ಒಬ್ಬ ಹೆಂಗಸನ್ನು ಎಬ್ಬಿಸಿ, ಅವಳನ್ನು ಮೆಟ್ಟಿಲು ಹತ್ತಿಸಿ, ಕೈಗೆ ಹಗ್ಗ ಕೊಟ್ಟು, ಚಹಾದ ಹೊತ್ತಿಗೆ ಕಣ್ಣಾರೆ ಓದಿದ್ದೇನೆ ಎಂದಿದ್ದೆ. ಅದು ನನ್ನ ಮಾತಿನ ಧಾಟಿ. ಮಾತಿಗೆ ಒಂದು ಹೇಳಿದರೆ ಅದನ್ನು ಪುಸ್ತಕದಲ್ಲಿ ಬರೆದಿಡುವವನನ್ನು ಏನೆನ್ನಬೇಕು?

"ಸರಿ, ಆಗ ನಂಬ್ದೆ. ಆಮೇಲೆ ನಾನು ಇಲ್ಲಿಗೆ ಕುಣ್ಕೊಂಡು ಬಂದು ಸಿಕ್ಕಿದ್ಲು ಕಣೋ ಅಂದಾಗ?"

"ಆಗ ಗೊತ್ತಾಯ್ತು. ಮುಂಚೆ ಓದಿದ್ರೆ ಅಷ್ಟೊಂದು ಕುಣೀತಿರ್ಲಿಲ್ಲ."

"ಗೊತ್ತಾದ್ಮೇಲೂ ಬಾಯಿ ಮುಚ್ಕೊಂಡಿದ್ದೆ."

"ನೀನೇ ಹಿಡೀತೀಯ ಅಂತ ಕಾದೆ." ಅವನ ದನಿ ಏರಲಿಲ್ಲ, ಏರಿದ್ದರೆ ನನಗೆ ಅನುಕೂಲವಾಗುತ್ತಿತ್ತು. "ಅಕ್ಷರ ನೋಡಿ ಹಲ್ಲುನೋವು ಹೇಳೋನು ನೀನು. ವಾರಕ್ಕೆ ಎರಡು ಚೀಟಿ ಬರ್ದು ಇಡ್ತಿದ್ದೆ. ನಾಳೆ ಹಿಡೀತಾನೆ, ನಾಡಿದ್ದು ಹಿಡೀತಾನೆ, ಹಿಡಿದು ಬಂದು ಬೈತಾನೆ, ನಗೋಣ ಅಂತ. ಅಷ್ಟರಲ್ಲಿ ಪುಸ್ತಕ ಬಂತು. ತೆಗ್ದು ಮೊದಲ ಪುಟ ನೋಡ್ದೆ. ಯಾರ್‍ಯಾರಿಗೋ ಕೃತಜ್ಞತೆ. ಓದೋ ಕೋಣೆ ಬೆಕ್ಕಿಗೂ ಇತ್ತು."

ಬೆಕ್ಕು ನಿಜವಾಗಿ ಉಪಕಾರ ಮಾಡಿತ್ತು. ಅದಿಲ್ಲದಿದ್ದರೆ ಇಲಿಗಳು ನನ್ನ ಟಿಪ್ಪಣಿಯನ್ನೆಲ್ಲ ಅರಗಿಸಿಕೊಂಡು ನನಗಿಂತ ಮೊದಲೇ ಪ್ರಕಟಿಸುತ್ತಿದ್ದವು. ಆದರೆ ಅದನ್ನು ಹೇಳುವ ಹೊತ್ತಲ್ಲ.

"ಅದಕ್ಕೆ ಸೇಡು ತೀರಿಸ್ಕೊಂಡೆ."

"ಸೇಡೇನಿಲ್ಲ. ಹೇಳೋಕೆ ಮನಸ್ಸಾಗ್ಲಿಲ್ಲ."

"ದಿನಾ ಎದುರಿಗೆ ಕೂತು ಚಹಾ ಕುಡೀತಿದ್ದೆ. ಅವಳ ಪ್ರತಿಮೆ ಬಂತು ಅಂದಾಗ ನನ್ನ ಬೆನ್ನು ತಟ್ಟಿದೆ."

"ಚೆನ್ನಾಗಿತ್ತಲ್ಲ ಪ್ರತಿಮೆ" ಎಂದ. ಎದ್ದು ಹೋಗಿ ಬಾಗಿಲು ತೆಗೆದ.

ಮೂರು ದಿನ ನಾನು ಲೆಕ್ಕ ಹಾಕಿದೆ. ಅಂಟಣ್ಣನ ಕೈಬರಹದ ಒಂದು ಚೀಟಿ ತೆಗೆದು ನಿರ್ದೇಶಕಿಯ ಮೇಜಿನ ಮೇಲಿಟ್ಟರೆ ನನ್ನ ತಲೆ ಉಳಿಯುತ್ತದೆ. ಅವನ ನಿವೃತ್ತಿಗೆ ಎರಡು ತಿಂಗಳು; ಅವನು ಉಳಿಯುವುದಿಲ್ಲ. ನಾನು ಅವನನ್ನು ಕಾಪಾಡಲು ಹೊರಟೆ ಎಂದು ತಿಳಿದು ನನ್ನನ್ನು ಹೊಗಳಬೇಡಿ, ಹೊಗಳಿಕೆಯಲ್ಲಿ ನನಗೆ ಯಾರ ಸಹಾಯವೂ ಬೇಡ. ನನ್ನನ್ನು ಸುಟ್ಟದ್ದು ಬೇರೆ. ಚೀಟಿ ಇಟ್ಟರೆ ಊರು ಏನನ್ನುತ್ತದೆ? ಸತ್ತವರ ಅಕ್ಷರ ಓದುವ ಮಹಾಶಯ ಎದುರಿಗೆ ಕೂತ ಗೆಳೆಯನ ಅಕ್ಷರ ಗುರುತಿಸಲಿಲ್ಲ ಎನ್ನುತ್ತದೆ. ಮೋಸ ಹೋದವನಾಗಿ ಬದುಕುವುದಕ್ಕಿಂತ ಮೋಸಗಾರನಾಗಿ ಬದುಕುವುದು ಮೇಲು. ಮೋಸಗಾರನಿಗೆ ಕನಿಷ್ಠ ಬುದ್ಧಿಯಿತ್ತು ಅನ್ನುತ್ತಾರೆ.

ಶುಕ್ರವಾರ ಹತ್ತು ಗಂಟೆ. ನಿರ್ದೇಶಕಿಯ ಉದ್ದ ಮೇಜು, ಒಂದು ತುದಿಗೆ ಅಕ್ಕನ ಮಗಳು ಮತ್ತು ಅವಳ ಯಂತ್ರ. ಮೂಲ ಪುಸ್ತಕ ಬೇಕೆಂದು ಹೇಳಿದ್ದರಿಂದ ಅಂಟಣ್ಣ ದಿನಚರಿಯನ್ನು ಎರಡೂ ಕೈಯಲ್ಲಿ ಎತ್ತಿ ತಂದು ಮೇಜಿನ ಮೇಲಿಟ್ಟು ಗೋಡೆಗೆ ಒರಗಿ ನಿಂತ.

"ಸರ್, ಈ ಮೂರು ಸಾಲಿನ ಬಗ್ಗೆ ನಿಮಗೇನಾದ್ರೂ ಗೊತ್ತಾ?" ಎಂದರು ನಿರ್ದೇಶಕಿ.

"ಗೊತ್ತು ಮೇಡಂ. ಬರೆದೋನು ನಾನೇ. ಇನ್ನೂರ ಹನ್ನೆರಡೂ ನಂದೇ. ಹಳೇ ಗುಮಾಸ್ತರ ಕೈ ಅನುಕರಣೆ ಮಾಡೋದು ನನಗ್ಯಾವ ಲೆಕ್ಕ?"

ಗೋಡೆಯ ಕಡೆ ನಾನು ನೋಡಲಿಲ್ಲ. ಅಕ್ಕನ ಮಗಳು ಒಂದು ಹಾಳೆ, ಒಂದು ಪೆನ್ನು ತಂದು ಮುಂದಿಟ್ಟಳು.

"ಮೂರು ಸಾಲು ಬರೀರಿ ಮಾವ. ಏನಾದ್ರೂ ಸರಿ."

ಬರೆದೆ. ಸಾಧ್ಯವಾದಷ್ಟೂ ಕೆಳಗಿನಿಂದ ಎಗರಿಸಿ ಬರೆದೆ. ಅವಳು ಚಿತ್ರ ತೆಗೆದಳು. ಪರದೆಯ ಮೇಲೆ ಬಂತು: ನೂರಕ್ಕೆ ಆರು.

"ಆರು ಅಂದ್ರೆ?" ನಿರ್ದೇಶಕಿ ಕೇಳಿದರು.

"ಅಂದ್ರೆ ಅಲ್ಲ ಅಂತ. ದಾರೀಲಿ ಹೋಗೋ ಯಾರನ್ನಾದ್ರೂ ಕರೆದು ಬರೆಸಿದ್ರೂ ಎಂಟು ಹತ್ತು ಬರುತ್ತೆ ಮೇಡಂ."

ಇಪ್ಪತ್ತು ವರ್ಷ ಊರಿಗೆ ಊರೇ ನನ್ನ ದೊಡ್ಡ ಸುಳ್ಳನ್ನು ಕಣ್ಣು ಮಿಟುಕಿಸದೆ ನಂಬಿತ್ತು. ಒಂದು ಸಣ್ಣ ಸುಳ್ಳು ಹೇಳಿದೆ, ಐದು ಸೆಕೆಂಡು ಬಾಳಲಿಲ್ಲ. ಕಂಡುಹಿಡಿದದ್ದು ನನ್ನ ಶಿಷ್ಯ.

"ಯಾರನ್ನ ಮರೆಮಾಚ್ತಿದ್ದೀರಿ ಮಾವ?" ಎಂದಳು ಮೆಲ್ಲಗೆ.

ನಾನು ಉತ್ತರ ಹೊಸೆಯುತ್ತಿದ್ದೆ. ಅಷ್ಟರಲ್ಲಿ ಗೋಡೆಗೊರಗಿದ್ದವನು ಕುರ್ಚಿ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತ. ಯಾರೂ ಕರೆಯಲಿಲ್ಲ, ಯಾರೂ ಕೇಳಲಿಲ್ಲ. ನನ್ನ ಕೈಯ ಪೆನ್ನು ತೆಗೆದುಕೊಂಡು, ನನ್ನ ಮೂರು ಸಾಲಿನ ಕೆಳಗೆ, ತುಟಿಯಂಚಿನಲ್ಲಿ ನಾಲಿಗೆ ಕಚ್ಚಿಕೊಂಡು ಬರೆದ. 'ಕಾವಲುಗಾರನ ಹೆಂಡತಿ ಮೇಲೆ ಹತ್ತಿ'.

ನೂರಕ್ಕೆ ತೊಂಬತ್ತೆಂಟು.

ಅವನ ಮುಖ ನೋಡಬೇಕಿತ್ತು ನೀವು. ಸಿಕ್ಕಿಬಿದ್ದವನ ಮುಖವಲ್ಲ. ನನ್ನ ಹತ್ತು ಮುದ್ರಣಕ್ಕೂ ನನ್ನ ಮುಖ ಅಷ್ಟು ಅರಳಿರಲಿಲ್ಲ. "ಇನ್ನೊಂದ್ಸಲ ತೋರ್ಸಮ್ಮ" ಎಂದ. ಅವಳು ತೋರಿಸಿದಳು. "ಎಷ್ಟು ಹೊತ್ತು ಹಿಡೀತು ಇದಕ್ಕೆ?"

"ಒಂದು ಸೆಕೆಂಡ್ ಅಂಟಣ್ಣ."

"ಒಂದು ಸೆಕೆಂಡ್" ಎಂದು ಅವನು ಯಂತ್ರದ ಕಡೆಗೇ ನೋಡುತ್ತ ಹೇಳಿದ. ನನ್ನ ಕಡೆ ತಿರುಗಲಿಲ್ಲ.

ನಾನು ಅವನಿಗಾಗಿ ನನ್ನ ಹೆಸರಿಗೆ ಮಸಿ ಬಳಿದುಕೊಂಡು ಐದು ನಿಮಿಷವಾಗಿರಲಿಲ್ಲ. ಕಾರಣ ಏನೇ ಇರಲಿ, ಬಳಿದುಕೊಂಡಿದ್ದಂತೂ ನಿಜ. ಅವನು ಆ ಮಸಿಯಲ್ಲೇ ಪೆನ್ನು ಅದ್ದಿ ತನ್ನ ಸಹಿ ಹಾಕಿದ.

ನಿರ್ದೇಶಕಿ ಬೈದರು, ಬೈಯಲೇಬೇಕಿತ್ತು. ಯಾಕೆ ಎಂದರು. ತೂತು ಎಂದ. ನೂರ ಅರವತ್ತು ವರ್ಷದ ಇನ್ನೂರ ಹನ್ನೆರಡು ಪುಟ ಕೆಡಿಸಿದ್ದೀಯಲ್ಲಪ್ಪ ಎಂದರು.

"ಇನ್ನೂರ ಹನ್ನೆರಡಲ್ಲ ಮೇಡಂ, ನಾನೂರು ಚಿಲ್ಲರೆ. ಉಳಿದದ್ದು ಇದಕ್ಕೂ ಸಿಕ್ಕಿಲ್ಲ. ಮೊದಮೊದಲು ಕೈ ಇನ್ನೂ ಚೆನ್ನಾಗಿತ್ತು."

ಜಂಬ ಕೊಚ್ಚುವುದು ನನ್ನ ಗುತ್ತಿಗೆ ಎಂದುಕೊಂಡಿದ್ದೆ. ಅದನ್ನೂ ಕಿತ್ತುಕೊಂಡ. ಅವನನ್ನು ಹೊರಗೆ ಹಾಕಿದರೆ ಉಳಿದ ಇನ್ನೂರನ್ನು ತೋರಿಸುವವರು ಯಾರು? ಹಾಗಾಗಿ ಎರಡು ತಿಂಗಳು ಅಕ್ಕನ ಮಗಳ ಕೋಣೆಯಲ್ಲಿ ಕೂತು ಒಂದೊಂದೇ ತೇಪೆ ಗುರುತಿಸಿ ಕೊಡಬೇಕು ಎಂದು ತೀರ್ಮಾನವಾಯಿತು. ಶಿಕ್ಷೆಯಂತೆ ಅದು. ಮರುದಿನವೇ ಅವನಿಗೆ ಅಲ್ಲಿ ಮೆತ್ತನೆಯ ಕುರ್ಚಿ ಬಂತು. ನನ್ನ ಬಗ್ಗೆಯೂ ತೀರ್ಮಾನವಾಯಿತು. ನಾನು ನಿರ್ದೋಷಿ. ಆ ಪದ ಹೇಳುವಾಗ ನಿರ್ದೇಶಕಿಯ ದನಿಯಲ್ಲಿದ್ದ ಕನಿಕರವನ್ನು ಯಾವ ಯಂತ್ರವೂ ಅಳೆಯಬೇಕಾಗಿಲ್ಲ. ಹನ್ನೊಂದನೇ ಮುದ್ರಣ ಅಚ್ಚಿಗೆ ಹೋಗುವುದಿಲ್ಲ. ಊರಿನ ಗ್ರಂಥಾಲಯಗಳಲ್ಲಿರುವ ಅರವತ್ತನಾಲ್ಕು ಪ್ರತಿಗಳಿಗೆ ತಿದ್ದುಪಡಿಯ ಚೀಟಿ ಅಂಟಿಸಬೇಕು, ಅದನ್ನು ಲೇಖಕರೇ ಬರೆಯಬೇಕು.

ಪ್ರತಿಮೆ ಏನಾಗುತ್ತದೆ ಎಂದು ಯಾರೂ ಹೇಳಲಿಲ್ಲ. ಆ ಸಮವಸ್ತ್ರದ ಹುಡುಗಿ ಫೋನ್ ಮಾಡಿದಳು. ಎರಡು ಸಲ ಕೈಗೆತ್ತಿಕೊಂಡು ಎರಡು ಸಲವೂ ಕೆಳಗಿಟ್ಟೆ.

ಚೀಟಿ ಬರೆಯಲು ನನಗೆ ಒಂಬತ್ತು ದಿನ ಹಿಡಿಯಿತು. ಮೂರು ಸಾಲನ್ನು ನಾನೂರ ಮೂವತ್ತು ಪುಟ ಮಾಡಿದವನು ನಾನೂರ ಮೂವತ್ತು ಪುಟವನ್ನು ಮತ್ತೆ ಮೂರು ಸಾಲು ಮಾಡಬೇಕಿತ್ತು. 'ಈ ಪುಸ್ತಕದಲ್ಲಿ ಹೇಳಿರುವ ಹೆಂಗಸು ಇದ್ದುದಕ್ಕೆ ದಾಖಲೆಯಿಲ್ಲ. ಆ ದಿನ ಗಂಟೆ ಬಾರಿಸಿಲ್ಲ. ಇಲ್ಲಿ ಆಧಾರವಾಗಿ ಬಳಸಿದ ಸಾಲುಗಳು ಮೂಲ ಬರಹವಲ್ಲ, ಇತ್ತೀಚಿನ ತೇಪೆಯ ಮೇಲೆ ಬರೆದವು.' ಅಷ್ಟೇ. ಒಂದು ಉತ್ಪ್ರೇಕ್ಷೆಗೂ ಜಾಗ ಸಿಗಲಿಲ್ಲ.

ಚೀಟಿ ಅಂಟಿಸುವವರು ಯಾರು? ಊರಿಗೆಲ್ಲ ಅಂಟಿಸುವವನು ಒಬ್ಬನೇ.

ಒಂದು ಶನಿವಾರ ಮಧ್ಯಾಹ್ನ ಅರವತ್ತನಾಲ್ಕು ಪ್ರತಿಗಳನ್ನು ತಳ್ಳುಗಾಡಿಯಲ್ಲಿ ಹೇರಿಕೊಂಡು ಅವನ ಕೋಣೆಗೆ ಹೋದೆ. ಅವನು ಅಂಟು ಕಲಸಿದ. ನಾನು ಪುಸ್ತಕ ತೆರೆದು ಹಿಡಿಯುವುದು, ಅವನು ಕುಂಚ ಎಳೆದು ಚೀಟಿ ಕೂರಿಸುವುದು. ಮೊದಲ ಚೀಟಿಯನ್ನು ಕೈಯಲ್ಲಿ ಹಿಡಿದು ಓದಿದ.

"ನಾನು ಇದ್ರಲ್ಲೂ ಇಲ್ಲ" ಎಂದ.

"ಇಲ್ಲ."

"ತೇಪೆ ಅಂತಷ್ಟೇ ಇದೆ."

"ಅಷ್ಟೇ."

ಅವನು ತಲೆಯಾಡಿಸಿ, ಚೀಟಿ ಕೂರಿಸಿ, ಮೂಳೆಯ ಕಡ್ಡಿಯಿಂದ ನಡುವಿನಿಂದ ಅಂಚಿಗೆ ಉಜ್ಜಿ ಗಾಳಿ ಹೊರಡಿಸಿದ. ಮುಂದಿನದು ಎಂದು ಕೈ ಚಾಚಿದ. ಕೊಟ್ಟೆ. ಮಾತಿಲ್ಲದೆ ಅಷ್ಟು ಹೊತ್ತು ನಾವಿಬ್ಬರೂ ಹಿಂದೆಂದೂ ಕೂತಿರಲಿಲ್ಲ. ಒಂದಾದರೂ ಸೊಟ್ಟ ಅಂಟಿಸಲಿ, ಒಂದಾದರೂ ಸುಕ್ಕಾಗಲಿ, ಬಾಯಿ ತುಂಬ ಬೈದುಬಿಡೋಣ ಎಂದು ನಾನು ಕಾಯುತ್ತಿದ್ದೆ. ಅರವತ್ತನಾಲ್ಕೂ ನೆಟ್ಟಗೆ ಕೂತವು.